ಸಿಡಿಲು, ಸಿಂಹಾಸನ ಮತ್ತು ಒಂದು ಕಬ್ಬಿಣದ ಸಲಾಕೆ

ಮುಂಗಾರಿಗೆ ಮೊದಲಿನ ಒಂದು ಸಂಜೆ. ದಿನವೆಲ್ಲ ಸುಟ್ಟ ಬಿಸಿಲು ಇಳಿದು ಪಡುವಣದಲ್ಲಿ ಕಾರ್ಮೋಡ ಕವಿದಿದೆ. ನಡುಮನೆಯ ದೀಪದ ಕೆಳಗೆ ಪಿ.ಯು.ಸಿ. ಓದುತ್ತಿರುವ ಹುಡುಗನೊಬ್ಬ ಭೌತಶಾಸ್ತ್ರದ ಪುಸ್ತಕವನ್ನು ತೆರೆದುಕೊಂಡು ಕುಳಿತಿದ್ದಾನೆ. ಪುಟದಲ್ಲಿ ಒಂದು ವಿದ್ಯುನ್ಮಂಡಲದ ಚಿತ್ರ. ಬ್ಯಾಟರಿಯ ಧನ ತುದಿಯಿಂದ ಹೊರಟ ಬಾಣದ ಗುರುತು ತಂತಿಯ ಉದ್ದಕ್ಕೂ ಸಾಗಿ, ಬಲ್ಬನ್ನು ಹಾದು, ಋಣ ತುದಿಯನ್ನು ಮುಟ್ಟುತ್ತದೆ. ಚಿತ್ರದ ಕೆಳಗೆ ಅಚ್ಚಾಗಿರುವ ಮಾತು ಬೇರೆ: ತಂತಿಯೊಳಗೆ ನಿಜವಾಗಿ ಚಲಿಸುವ ಎಲೆಕ್ಟ್ರಾನುಗಳು ಋಣ ತುದಿಯಿಂದ ಧನ ತುದಿಯ ಕಡೆಗೆ ಹೋಗುತ್ತವೆ!

“ಅಪ್ಪಾ, ಇದೇನು? ಹೋಗುವುದು ಆ ಕಡೆಗೆ, ಬಾಣ ತೋರಿಸುವುದು ಈ ಕಡೆಗೆ?”

ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡುವ ತಂದೆ ಪತ್ರಿಕೆಯಿಂದ ತಲೆಯೆತ್ತದೆ, “ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಬರೆದುಬಿಡಪ್ಪ. ನಂಬರು ಕೊಡುವವರು ಅವರು” ಎಂದರು.

ಅಷ್ಟರಲ್ಲಿ ಕಿಟಕಿಯ ಹೊರಗೆ ಫಳ್ಳೆಂದು ಬೆಳಕು. ಹಿಂದೆಯೇ ಮನೆ ನಡುಗುವಂಥ ಗುಡುಗು. ದೀಪ ಆರಿತು. ದೇವರ ಮನೆಯ ಕಡೆಯಿಂದ ಅಜ್ಜಿ ಅರ್ಜುನನ ಹತ್ತು ಹೆಸರುಗಳನ್ನು ಹೇಳಿಕೊಳ್ಳುತ್ತಿರುವುದು ಕತ್ತಲೆಯಲ್ಲಿ ಕೇಳಿಸಿತು.

ಇಂಥ ಸಂಜೆಯನ್ನು ಕಾಣದ ಮನೆ ಕನ್ನಡ ನಾಡಿನಲ್ಲಿ ಅಪರೂಪ. ಆದರೆ ಆ ಹುಡುಗನ ಪುಸ್ತಕದ ತಿರುಗುಮುರುಗಾದ ಬಾಣಕ್ಕೂ, ಕಿಟಕಿಯ ಹೊರಗಿನ ಸಿಡಿಲಿಗೂ, ಅದೇ ಹುಡುಗ ಇನ್ನೊಂದು ಪುಸ್ತಕದಲ್ಲಿ ಓದುವ ಸಂವಿಧಾನ, ಪ್ರಜಾಪ್ರಭುತ್ವ ಎಂಬ ಮಾತುಗಳಿಗೂ ಒಂದೇ ಕಥೆಯ ನಂಟಿದೆಯೆಂಬುದನ್ನು ಬಲ್ಲವರು ಕೆಲವರೇ. ಪಾಠದ ಗಂಟೆಗಳು ಬೇರೆ ಬೇರೆಯಾದ್ದರಿಂದ ವಿಷಯಗಳೂ ಬೇರೆ ಬೇರೆಯೆಂದು ವಿದ್ಯಾರ್ಥಿ ತಿಳಿಯುತ್ತಾನೆ. ಚರಿತ್ರೆ ಹಾಗೆ ಗಂಟೆ ಹೊಡೆದು ನಡೆದದ್ದಲ್ಲ.

ಹುಲ್ಲನ್ನು ಸೆಳೆಯುವ ಮಣಿ

ಕಥೆಯ ಆರಂಭ ಕ್ರಿ. ಪೂ. ಆರನೆಯ ಶತಮಾನದಷ್ಟು ಹಿಂದಿನದು. ಇಂದಿನ ತುರ್ಕಿ ದೇಶದ ಪಶ್ಚಿಮ ಕರಾವಳಿಯಲ್ಲಿ ಅಂದು ಅಯೋನಿಯ ಎಂಬ ಗ್ರೀಕ್ ನಾಡಿತ್ತು. ಅಲ್ಲಿಯ ಮಿಲೇಟಸ್ ಪಟ್ಟಣದ ಥೇಲೀಸ್ ಎಂಬಾತನನ್ನು ಪಾಶ್ಚಾತ್ಯ ತತ್ತ್ವಶಾಸ್ತ್ರದ ಆದಿಪುರುಷನೆಂದು ಕರೆಯುವ ವಾಡಿಕೆಯುಂಟು. ಜಗತ್ತೆಲ್ಲ ಯಾವ ಒಂದು ಮೂಲವಸ್ತುವಿನಿಂದ ಆಯಿತು ಎಂದು ಕೇಳಿ, ನೀರಿನಿಂದ ಎಂದು ಆತ ಉತ್ತರ ಹೇಳಿದ. ಉತ್ತರ ನಿಲ್ಲಲಿಲ್ಲ, ಕೇಳಿದ ಪ್ರಶ್ನೆ ಮಾತ್ರ ಇಂದಿಗೂ ನಿಂತಿದೆ.

ಸೂಜಿಗಲ್ಲು ಕಬ್ಬಿಣವನ್ನು ಸೆಳೆಯುವುದನ್ನು ಕಂಡು ಅದರೊಳಗೆ ಜೀವವಿದೆಯೆಂದು ಥೇಲೀಸ್ ಹೇಳಿದನೆಂದು ಅರಿಸ್ಟಾಟಲ್ ಬರೆದಿದ್ದಾನೆ. ಅಂಬರ್ ಎಂಬ ಹಳದಿ ಮಣಿಗೂ ಆತ ಅದೇ ಮಾತನ್ನು ಅನ್ವಯಿಸಿದನೆಂದು ನಂತರದ ಲೇಖಕರು ಹೇಳುತ್ತಾರೆ. ಅಂಬರ್ ಎಂಬುದು ಮರದ ರಾಳ ಲಕ್ಷಾಂತರ ವರ್ಷ ನೆಲದೊಳಗೆ ಹೂತು ಕಲ್ಲಾದ ವಸ್ತು. ಉಣ್ಣೆಯ ಬಟ್ಟೆಯಿಂದ ಉಜ್ಜಿದರೆ ಅದು ಹುಲ್ಲಿನ ಎಸಳನ್ನೂ ಒಣಗಿದ ಹೊಟ್ಟನ್ನೂ ಸೆಳೆಯುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ತೃಣಮಣಿಯೆಂಬ ಸೊಗಸಾದ ಹೆಸರೇ ಉಂಟು. ಗ್ರೀಕರು ಅದನ್ನು ‘ಎಲೆಕ್ಟ್ರಾನ್’ ಎಂದು ಕರೆದರು.

ನಮ್ಮ ದೇಶದ ಕಣಾದರ ವೈಶೇಷಿಕ ಸೂತ್ರಗಳಲ್ಲಿಯೂ ಸೂಜಿ ಸೂಜಿಗಲ್ಲಿನ ಕಡೆಗೆ ಸರಿಯುವ ಪ್ರಸ್ತಾಪವಿದೆ. ಅದಕ್ಕೆ ಕಾರಣ ‘ಅದೃಷ್ಟ’, ಎಂದರೆ ಕಣ್ಣಿಗೆ ಕಾಣದ್ದು, ಎಂದು ಸೂತ್ರಕಾರರು ಹೇಳಿದರು. ಒಬ್ಬರು ಜೀವವೆಂದರು, ಇನ್ನೊಬ್ಬರು ಕಾಣದ ಕಾರಣವೆಂದರು. ಇಬ್ಬರೂ ಅಚ್ಚರಿಯ ಒಂದು ಸಂಗತಿಯನ್ನು ಕಂಡು, ಇದಕ್ಕೆ ಕಾರಣವಿರಲೇಬೇಕು ಎಂದು ನಿಂತು ಯೋಚಿಸಿದವರು. ತತ್ತ್ವಶಾಸ್ತ್ರವೂ ಭೌತಶಾಸ್ತ್ರವೂ ಇಲ್ಲಿ ಒಂದೇ ತಾಯಿಯ ಮಕ್ಕಳು.

ಥೇಲೀಸನ ಬಗ್ಗೆ ಇನ್ನೊಂದು ಸಂಗತಿಯನ್ನು ಹೆರೊಡೋಟಸ್ ತನ್ನ ಇತಿಹಾಸದಲ್ಲಿ ಬರೆದಿಟ್ಟಿದ್ದಾನೆ. ಅಯೋನಿಯದ ಪಟ್ಟಣಗಳು ಒಂದಕ್ಕೊಂದು ಸೇರದೆ ಬೇರೆ ಬೇರೆಯಾಗಿದ್ದವು. ನಾಡಿನ ನಡುವೆ ಇರುವ ಟಿಯೋಸ್ ಪಟ್ಟಣದಲ್ಲಿ ಎಲ್ಲರಿಗೂ ಒಂದೇ ಮಂತ್ರಾಲೋಚನೆಯ ಸಭೆ ಇರಲಿ, ಪಟ್ಟಣಗಳೆಲ್ಲ ಅದರ ಅಂಗಗಳಾಗಿರಲಿ ಎಂದು ಥೇಲೀಸ್ ಸಲಹೆ ಕೊಟ್ಟ. ಯಾರೂ ಕೇಳಲಿಲ್ಲ. ಕ್ರಿ. ಪೂ. 546ರ ಸುಮಾರಿಗೆ ಪರ್ಷಿಯದ ಸೈನ್ಯ ಬಂದು ಆ ಪಟ್ಟಣಗಳನ್ನು ಒಂದೊಂದಾಗಿ ನುಂಗಿತು. ಅಂಬರನ್ನು ಕುರಿತು ಯೋಚಿಸಿದವನೇ ರಾಜ್ಯವನ್ನು ಕುರಿತೂ ಯೋಚಿಸಿದ್ದ. ಈ ಜೋಡಿ ಮುಂದೆ ಎರಡು ಸಾವಿರ ವರ್ಷಗಳಿಗೂ ಮೀರಿದ ಮೇಲೆ ಇನ್ನೊಬ್ಬ ಮನುಷ್ಯನಲ್ಲಿ ಮತ್ತೆ ಕೂಡಿಕೊಂಡಿತು.

ರೇಷ್ಮೆಯ ದಾರ, ಹಿತ್ತಾಳೆಯ ತಂತಿ

ನಡುವಣ ಕಾಲದ ಕಥೆಯನ್ನು ಚಿಕ್ಕದಾಗಿ ಹೇಳಬಹುದು. 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ ಅಯಸ್ಕಾಂತವನ್ನು ಕುರಿತ ತನ್ನ ಗ್ರಂಥದಲ್ಲಿ, ಅಂಬರ್ ಒಂದೇ ಅಲ್ಲ, ಗಾಜು, ಗಂಧಕ ಮೊದಲಾದ ಅನೇಕ ವಸ್ತುಗಳು ಉಜ್ಜಿದರೆ ಹಗುರವಾದುವನ್ನು ಸೆಳೆಯುತ್ತವೆಯೆಂದು ಪ್ರಯೋಗದಿಂದ ತೋರಿಸಿದ. ಅಂಬರಿನ ಗ್ರೀಕ್ ಹೆಸರಿನಿಂದಲೇ ಅವುಗಳಿಗೆ ಹೆಸರಿಟ್ಟ. ಇಂದಿನ ‘ಎಲೆಕ್ಟ್ರಿಸಿಟಿ’ ಆ ಬೇರಿನ ಚಿಗುರು.

1729ರಲ್ಲಿ ಸ್ಟೀಫನ್ ಗ್ರೇ ಎಂಬಾತ ಇನ್ನೊಂದು ಹೆಜ್ಜೆ ಮುಂದಿಟ್ಟ. ಈತ ಕಸುಬಿನಿಂದ ಬಟ್ಟೆಗೆ ಬಣ್ಣ ಹಾಕುವವನು. ಉಜ್ಜಿದ ಗಾಜಿನ ಕೊಳವೆಯ ಗುಣವನ್ನು ಸೆಣಬಿನ ಹುರಿಯ ಮೂಲಕ ನೂರಾರು ಅಡಿ ದೂರಕ್ಕೆ ಸಾಗಿಸಬಹುದೇ ಎಂದು ನೋಡಲು ಆತನೂ ಆತನ ಗೆಳೆಯನೂ ಹುರಿಯನ್ನು ರೇಷ್ಮೆಯ ದಾರಗಳಿಂದ ತೂಗುಹಾಕಿದರು. ಕೆಲಸ ನಡೆಯಿತು. ಒಮ್ಮೆ ಭಾರಕ್ಕೆ ರೇಷ್ಮೆ ಹರಿಯಿತು. ಅದರ ಬದಲು ಗಟ್ಟಿಯಾದ ಹಿತ್ತಾಳೆಯ ತಂತಿಯನ್ನು ಕಟ್ಟಿದರು. ಆಗ ಎಲ್ಲವೂ ನಿಂತುಹೋಯಿತು! ವಿದ್ಯುತ್ತು ಹಿತ್ತಾಳೆಯ ಮೂಲಕ ಸೋರಿ ಹೋಗುತ್ತಿತ್ತು; ರೇಷ್ಮೆ ಅದನ್ನು ತಡೆದು ನಿಲ್ಲಿಸುತ್ತಿತ್ತು. ವಾಹಕ, ಅವಾಹಕ ಎಂದು ವಿದ್ಯಾರ್ಥಿಗಳು ಇಂದು ಉರು ಹೊಡೆಯುವ ಎರಡು ಪದಗಳು ಹುಟ್ಟಿದ್ದು ಹರಿದುಹೋದ ಒಂದು ರೇಷ್ಮೆ ದಾರದಿಂದ.

1745 ಮತ್ತು 1746ರಲ್ಲಿ ಯೂರೋಪಿನ ಇಬ್ಬರು ವಿದ್ವಾಂಸರು, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು, ವಿದ್ಯುತ್ತನ್ನು ಗಾಜಿನ ಜಾಡಿಯಲ್ಲಿ ತುಂಬಿಡುವ ಉಪಾಯವನ್ನು ಕಂಡುಕೊಂಡರು. ಹಾಲೆಂಡಿನ ಲೈಡನ್ ಪಟ್ಟಣದ ಹೆಸರಿನಿಂದ ಅದು ಲೈಡನ್ ಜಾಡಿಯೆಂದು ಪ್ರಸಿದ್ಧವಾಯಿತು. ಅದು ಅರಮನೆಗಳ ವಿನೋದವೂ ಆಯಿತು. ಫ್ರಾನ್ಸಿನ ದೊರೆಯ ಮುಂದೆ 180 ಮಂದಿ ಕಾವಲುಭಟರನ್ನು ಕೈ ಕೈ ಹಿಡಿಸಿ ನಿಲ್ಲಿಸಿ ಜಾಡಿಯನ್ನು ಮುಟ್ಟಿಸಿದಾಗ, ಅಷ್ಟು ಮಂದಿಯೂ ಒಟ್ಟಿಗೆ ಎಗರಿಬಿದ್ದರಂತೆ. ದೊರೆ ನಕ್ಕ. ಆದರೆ ಈ ವಸ್ತು ಏನು ಎಂಬುದು ಮಾತ್ರ ಯಾರಿಗೂ ತಿಳಿಯದು.

ಅಚ್ಚುಕೂಟದಿಂದ ಆಕಾಶಕ್ಕೆ

ಅದನ್ನು ಬಿಡಿಸಿ ಹೇಳಲು ಹೊರಟವನು ಯಾವ ವಿಶ್ವವಿದ್ಯಾನಿಲಯದ ಪಂಡಿತನೂ ಅಲ್ಲ. ಅಟ್ಲಾಂಟಿಕ್ ಸಾಗರದ ಆಚೆ, ಬ್ರಿಟಿಷರ ವಸಾಹತಾಗಿದ್ದ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಅಚ್ಚುಕೂಟ ನಡೆಸುತ್ತಿದ್ದ ಬೆಂಜಮಿನ್ ಫ್ರ್ಯಾಂಕ್ಲಿನ್. 1706ರಲ್ಲಿ ಬಾಸ್ಟನ್ನಿನಲ್ಲಿ, ಮೇಣದ ಬತ್ತಿ ಮತ್ತು ಸಾಬೂನು ಮಾಡುವವನ ಹದಿನೈದನೆಯ ಮಗುವಾಗಿ ಹುಟ್ಟಿದವನು. ಶಾಲೆಯ ಮುಖ ಕಂಡದ್ದು ಎರಡೇ ವರ್ಷ. ಹನ್ನೆರಡನೆಯ ವಯಸ್ಸಿಗೆ ಅಣ್ಣನ ಅಚ್ಚುಕೂಟದಲ್ಲಿ ಮೊಳೆ ಜೋಡಿಸಲು ಸೇರಿದ. ಹದಿನೇಳಕ್ಕೆ ಮನೆ ಬಿಟ್ಟು ಓಡಿಬಂದ. ಸ್ವಂತ ದುಡಿಮೆಯಿಂದ ಮೇಲೆ ಬಂದು, 1731ರಲ್ಲಿ ಗೆಳೆಯರೊಡನೆ ಚಂದಾ ಕೂಡಿಸಿ ಒಂದು ಪುಸ್ತಕ ಭಂಡಾರವನ್ನು ಕಟ್ಟಿದ. ಆ ಭಂಡಾರಕ್ಕೆ ಲಂಡನ್ನಿನ ಸ್ನೇಹಿತನೊಬ್ಬ ಒಂದು ಗಾಜಿನ ಕೊಳವೆಯನ್ನು ಉಡುಗೊರೆಯಾಗಿ ಕಳುಹಿಸಿದ. ನಲವತ್ತರ ಗೃಹಸ್ಥ ಮಗುವಿನಂತೆ ಅದರ ಹಿಂದೆ ಬಿದ್ದ.

ಫ್ರ್ಯಾಂಕ್ಲಿನ್ 1747ರಲ್ಲಿ ವರ್ಣಿಸಿದ ಒಂದು ಪ್ರಯೋಗವನ್ನು ಯಾವ ವಿದ್ಯಾರ್ಥಿಯೂ ಅರ್ಥ ಮಾಡಿಕೊಳ್ಳಬಹುದು. ಇಬ್ಬರು ಮೇಣದ ಹಲಗೆಗಳ ಮೇಲೆ ನಿಲ್ಲಬೇಕು. ಮೇಣ ಅವಾಹಕವಾದ್ದರಿಂದ ಅವರಿಗೆ ನೆಲದ ಸಂಪರ್ಕವಿಲ್ಲ. ಒಬ್ಬ ಗಾಜಿನ ಕೊಳವೆಯನ್ನು ಉಜ್ಜುತ್ತಾನೆ. ಇನ್ನೊಬ್ಬ ಬೆರಳು ಚಾಚಿ ಅದರ ವಿದ್ಯುತ್ತನ್ನು ಪಡೆಯುತ್ತಾನೆ. ನೆಲದ ಮೇಲೆ ನಿಂತ ಮೂರನೆಯವನು ಇಬ್ಬರಲ್ಲಿ ಯಾರ ಹತ್ತಿರ ಬೆರಳು ತಂದರೂ ಕಿಡಿ ಹಾರುತ್ತದೆ. ಮೇಣದ ಮೇಲಿನ ಇಬ್ಬರೇ ಪರಸ್ಪರ ಬೆರಳು ತಾಗಿಸಿದರೆ ಇನ್ನೂ ದೊಡ್ಡ ಕಿಡಿ. ಆಮೇಲೆ? ಇಬ್ಬರಲ್ಲಿಯೂ ಏನೂ ಉಳಿಯುವುದಿಲ್ಲ.

ಇದರಿಂದ ಫ್ರ್ಯಾಂಕ್ಲಿನ್ ತೆಗೆದ ಸಿದ್ಧಾಂತ ವ್ಯಾಪಾರಸ್ಥನ ಖಾತೆಯಷ್ಟು ಸರಳ. ಉಜ್ಜುವುದರಿಂದ ವಿದ್ಯುತ್ತು ಹೊಸದಾಗಿ ಹುಟ್ಟುವುದಿಲ್ಲ. ಒಬ್ಬನಿಂದ ಇನ್ನೊಬ್ಬನಿಗೆ ದಾಟುತ್ತದೆ ಅಷ್ಟೆ. ಒಬ್ಬನಲ್ಲಿ ಎಷ್ಟು ಕಡಮೆಯಾಯಿತೋ ಇನ್ನೊಬ್ಬನಲ್ಲಿ ಅಷ್ಟೇ ಹೆಚ್ಚಾಯಿತು. ಹೆಚ್ಚಾದದ್ದಕ್ಕೆ ಆತ ಕೂಡುವ ಚಿಹ್ನೆಯನ್ನೂ ಕಡಮೆಯಾದದ್ದಕ್ಕೆ ಕಳೆಯುವ ಚಿಹ್ನೆಯನ್ನೂ ಕೊಟ್ಟ. ಕನ್ನಡದಲ್ಲಿ ಅವು ಧನ, ಋಣ ಎಂದಾದುವು. ಆಸ್ತಿ ಮತ್ತು ಸಾಲ! ಇದಕ್ಕಿಂತ ಒಪ್ಪುವ ಹೆಸರುಗಳನ್ನು ಫ್ರ್ಯಾಂಕ್ಲಿನ್ ಕೂಡ ಬಯಸುತ್ತಿರಲಿಲ್ಲ.

ಆದರೆ ವಿದ್ಯುತ್ತು ಕೈಯಿಂದ ಗಾಜಿಗೆ ದಾಟಿತೋ ಗಾಜಿನಿಂದ ಕೈಗೆ ದಾಟಿತೋ? ಕಣ್ಣಿಗೆ ಕಾಣದ್ದನ್ನು ಹೇಗೆ ಹೇಳುವುದು? ಕೈಯಿಂದ ಗಾಜಿಗೆ ಎಂದು ಫ್ರ್ಯಾಂಕ್ಲಿನ್ ಊಹಿಸಿದ. ಆ ಊಹೆಯನ್ನು ಓದುಗರು ನೆನಪಿನಲ್ಲಿಟ್ಟಿರಬೇಕು.

ಗಂಟೆ ಬಾರಿಸುತ್ತಾ ಸತ್ತವರು

ಲೈಡನ್ ಜಾಡಿಯ ಕಿಡಿಗೂ ಆಕಾಶದ ಮಿಂಚಿಗೂ ಎಷ್ಟೊಂದು ಹೋಲಿಕೆ! ಅದೇ ಬೆಳಕು, ಅದೇ ಅಂಕುಡೊಂಕಿನ ದಾರಿ, ಅದೇ ಚಟ್ಟೆಂಬ ಸದ್ದು. ಎರಡೂ ಒಂದೇ ಇರಬಹುದೆಂದು ಹಲವರು ಶಂಕಿಸಿದ್ದರು. ಫ್ರ್ಯಾಂಕ್ಲಿನ್ ಮಾತ್ರ ಅದನ್ನು ಪರೀಕ್ಷಿಸುವ ವಿಧಾನವನ್ನು ಬರೆದು ಪ್ರಕಟಿಸಿದ: ಎತ್ತರದಲ್ಲಿ ಮೊನಚಾದ ಕಬ್ಬಿಣದ ಸಲಾಕೆಯೊಂದನ್ನು ನಿಲ್ಲಿಸಿ, ಮೋಡ ಬಂದಾಗ ಕಿಡಿ ಬರುವುದೋ ನೋಡಿ. 1752ರ ಮೇ 10ರಂದು ಫ್ರಾನ್ಸಿನ ಮಾರ್ಲಿ ಎಂಬ ಹಳ್ಳಿಯಲ್ಲಿ ಆ ಪ್ರಯೋಗ ನಡೆಯಿತು, ಕಿಡಿ ಬಂದಿತು. ಸಮುದ್ರದಾಚೆಯ ಆ ಸುದ್ದಿ ತಲುಪುವ ಮೊದಲೇ, ಅದೇ ವರ್ಷ ಜೂನ್ ತಿಂಗಳಿನಲ್ಲಿ, ಫ್ರ್ಯಾಂಕ್ಲಿನ್ ತನ್ನ ಮಗನನ್ನು ಜೊತೆಗೆ ಕರೆದುಕೊಂಡು ರೇಷ್ಮೆಯ ಗಾಳಿಪಟವನ್ನು ಹಾರಿಸಿದನೆಂದು ಹೇಳುತ್ತಾರೆ. ನೆನೆದ ಸೆಣಬಿನ ದಾರದ ಕೊನೆಯಲ್ಲಿ ಒಂದು ಬೀಗದ ಕೈ. ಕೈಯಲ್ಲಿ ಹಿಡಿಯಲು ಒಣಗಿದ ರೇಷ್ಮೆಯ ಪಟ್ಟಿ. ಹರಿದುಹೋದ ರೇಷ್ಮೆಯಿಂದ ಗ್ರೇ ಕಲಿತ ಪಾಠ ಇಲ್ಲಿ ಫ್ರ್ಯಾಂಕ್ಲಿನ್ನನ ಪ್ರಾಣವನ್ನು ಕಾಯಿತು. ಬೀಗದ ಕೈಗೆ ಬೆರಳಿನ ಗೆಣ್ಣನ್ನು ಹತ್ತಿರ ತಂದಾಗ ಕಿಡಿ ಹಾರಿತು.

ಗಾಳಿಪಟಕ್ಕೆ ಸಿಡಿಲು ಬಡಿಯಿತೆಂದು ಚಿತ್ರ ಬರೆಯುವವರು ತಪ್ಪು ಮಾಡುತ್ತಾರೆ. ಬಡಿದಿದ್ದರೆ ಕಥೆ ಹೇಳಲು ಆತ ಉಳಿಯುತ್ತಿರಲಿಲ್ಲ. ಮೋಡದ ಪ್ರಭಾವದಿಂದ ದಾರದಲ್ಲಿ ಕೂಡಿದ ಅಲ್ಪ ವಿದ್ಯುತ್ತಷ್ಟೇ ಅದು. ಈ ಎಚ್ಚರಿಕೆ ಎಷ್ಟು ಮುಖ್ಯವೆಂಬುದು ಮರುವರ್ಷ ತಿಳಿಯಿತು. 1753ರ ಆಗಸ್ಟ್ 6ರಂದು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗೆಯಾರ್ಗ್ ರಿಚ್‌ಮನ್ ಎಂಬ ವಿಜ್ಞಾನಿ ನೆಲಕ್ಕೆ ಸೇರಿಸದ ಸಲಾಕೆಯ ಬಳಿ ನಿಂತು ಅಳತೆ ನೋಡುತ್ತಿದ್ದಾಗ ಸಿಡಿಲು ಹಾಯ್ದು ಸತ್ತುಬಿದ್ದ.

ಸಲಾಕೆಯನ್ನು ದಪ್ಪ ತಂತಿಯಿಂದ ನೆಲದ ಆಳಕ್ಕೆ ಸೇರಿಸಿದರೆ ಅದೇ ರಕ್ಷಕನಾಗುತ್ತದೆ. ಸಿಡಿಲು ಗೋಡೆಯನ್ನು ಸೀಳಿ ದಾರಿ ಮಾಡಿಕೊಳ್ಳುವುದರ ಬದಲು, ಸಿದ್ಧವಾಗಿರುವ ಲೋಹದ ದಾರಿಯಲ್ಲಿ ಇಳಿದು ಭೂಮಿಯನ್ನು ಸೇರುತ್ತದೆ. ಇದೇ ಮಿಂಚುವಾಹಕ. ಫ್ರ್ಯಾಂಕ್ಲಿನ್ ಅದರ ಮೇಲೆ ಯಾವ ಹಕ್ಕನ್ನೂ ಪಡೆಯಲಿಲ್ಲ. ತಾನೇ ಅಚ್ಚು ಹಾಕುತ್ತಿದ್ದ 1753ರ ಪಂಚಾಂಗದಲ್ಲಿ, ಮನೆಯನ್ನು ಸಿಡಿಲಿನಿಂದ ಉಳಿಸಿಕೊಳ್ಳುವುದು ಹೇಗೆಂದು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಬರೆದುಬಿಟ್ಟ.

ಆದರೂ ಜನ ಕೂಡಲೇ ಒಪ್ಪಲಿಲ್ಲ. ಸಿಡಿಲು ದೈವದ ಕೋಪ, ಅದನ್ನು ತಡೆಯುವುದು ಅಪಚಾರವೆಂದು ಕೆಲವರು. ಸಲಾಕೆ ಇಲ್ಲದ ಸಿಡಿಲನ್ನು ಕರೆದು ತರುತ್ತದೆಯೆಂದು ಇನ್ನು ಕೆಲವರು. ಗುಡುಗು ಬಂದಾಗ ಚರ್ಚಿನ ಗಂಟೆ ಬಾರಿಸಿದರೆ ಸಿಡಿಲು ಓಡಿಹೋಗುತ್ತದೆಂಬುದು ಯೂರೋಪಿನ ಹಳೆಯ ನಂಬಿಕೆ. ಊರಿನಲ್ಲೆಲ್ಲ ಎತ್ತರವಾದ ಗೋಪುರ, ಅದರಲ್ಲಿ ಲೋಹದ ಗಂಟೆ, ಅದಕ್ಕೆ ಕಟ್ಟಿದ ಒದ್ದೆ ಹಗ್ಗ, ಹಗ್ಗದ ಕೊನೆಯಲ್ಲಿ ಒಬ್ಬ ಬಡವ! 33 ವರ್ಷಗಳಲ್ಲಿ 386 ಗೋಪುರಗಳಿಗೆ ಸಿಡಿಲು ಬಡಿದು 103 ಮಂದಿ ಗಂಟೆ ಬಾರಿಸುವವರು ಸತ್ತರೆಂದು 1784ರಲ್ಲಿ ಮ್ಯೂನಿಕ್ಕಿನಲ್ಲಿ ಪ್ರಕಟವಾದ ಪುಸ್ತಕವೊಂದು ಲೆಕ್ಕ ಕೊಟ್ಟಿತು. ತಪ್ಪು ತಿಳಿವಳಿಕೆಗೆ ಬೆಲೆ ತೆತ್ತವರು ಅದನ್ನು ಬೋಧಿಸಿದವರಲ್ಲ, ಹಗ್ಗ ಹಿಡಿದವರು.

ದೊರೆಯ ಗುಂಡು ತುದಿ

ಇಲ್ಲಿಂದ ಸಲಾಕೆ ರಾಜ್ಯಶಾಸ್ತ್ರವನ್ನು ಪ್ರವೇಶಿಸುತ್ತದೆ.

1769ರಲ್ಲಿ ಇಟಲಿಯ ಬ್ರೆಷಿಯ ನಗರದಲ್ಲಿ ಮದ್ದು ತುಂಬಿಟ್ಟಿದ್ದ ಕಟ್ಟಡಕ್ಕೆ ಸಿಡಿಲು ಬಡಿದು ಊರಿನ ದೊಡ್ಡದೊಂದು ಭಾಗ ನೆಲಸಮವಾಯಿತು. ಬ್ರಿಟಿಷ್ ಸರ್ಕಾರಕ್ಕೆ ದಿಗಿಲಾಯಿತು. ಥೇಮ್ಸ್ ನದಿಯ ದಡದ ಪರ್ಫ್ಲೀಟ್ ಎಂಬಲ್ಲಿದ್ದ ತನ್ನ ಮದ್ದಿನ ಉಗ್ರಾಣಗಳನ್ನು ರಕ್ಷಿಸುವುದು ಹೇಗೆಂದು ರಾಯಲ್ ಸೊಸೈಟಿಯನ್ನು ಕೇಳಿತು. 1772ರಲ್ಲಿ ಒಂದು ಸಮಿತಿ ಕೂಡಿತು; ಆಗ ಲಂಡನ್ನಿನಲ್ಲಿದ್ದ ಫ್ರ್ಯಾಂಕ್ಲಿನ್ನನೂ ಅದರಲ್ಲಿ ಒಬ್ಬ. ಮೊನಚಾದ ಸಲಾಕೆಗಳೇ ಉತ್ತಮವೆಂದು ಸಮಿತಿ ಹೇಳಿತು. ಬೆಂಜಮಿನ್ ವಿಲ್ಸನ್ ಎಂಬ ಸದಸ್ಯನೊಬ್ಬ ಮಾತ್ರ ಒಪ್ಪಲಿಲ್ಲ: ಮೊನಚು ಸಿಡಿಲನ್ನು ಕೆಣಕುತ್ತದೆ, ತುದಿ ಗುಂಡಾಗಿರಲಿ.

ಐದು ವರ್ಷಗಳಲ್ಲಿ ಕಾಲ ತಿರುಗಿತು. 1776ರಲ್ಲಿ ಅಮೆರಿಕದ ವಸಾಹತುಗಳು ಸ್ವಾತಂತ್ರ್ಯವನ್ನು ಘೋಷಿಸಿದವು. ಆ ಘೋಷಣೆಯನ್ನು ಸಿದ್ಧಪಡಿಸಿದ ಐವರಲ್ಲಿ ಫ್ರ್ಯಾಂಕ್ಲಿನ್ ಒಬ್ಬ. ಮೂರನೆಯ ಜಾರ್ಜ್ ದೊರೆಯ ಕಣ್ಣಿಗೆ ಆತ ರಾಜದ್ರೋಹಿಯಾದ. 1777ರಲ್ಲಿ ಪರ್ಫ್ಲೀಟಿನ ಒಂದು ಕಟ್ಟಡಕ್ಕೆ ಸಿಡಿಲು ತಾಗಿ ಅಲ್ಪಸ್ವಲ್ಪ ಹಾನಿಯಾದಾಗ ವಿಲ್ಸನ್ನನ ವಾದಕ್ಕೆ ಜೀವ ಬಂದಿತು. ದೊರೆ ಆತನ ಪ್ರಯೋಗಗಳನ್ನು ಖುದ್ದಾಗಿ ನೋಡಿ, ತನ್ನ ಅರಮನೆಯ ಮೊನಚು ಸಲಾಕೆಗಳನ್ನು ತೆಗೆಸಿ ಗುಂಡು ತುದಿಯವನ್ನು ಹಾಕಿಸಿದ. ಮೊನಚು ತುದಿ ದಂಗೆಕೋರರ ಪಕ್ಷ, ಗುಂಡು ತುದಿ ರಾಜನಿಷ್ಠರ ಪಕ್ಷ ಎಂಬಂತಾಯಿತು!

ಪ್ಯಾರಿಸ್ಸಿನಲ್ಲಿದ್ದ ಫ್ರ್ಯಾಂಕ್ಲಿನ್ನನಿಗೆ ಸ್ನೇಹಿತರು, ಉತ್ತರ ಕೊಡು ಎಂದು ಒತ್ತಾಯ ಮಾಡಿದರು. ಆತ ಒಪ್ಪಲಿಲ್ಲ. ತನ್ನ ಅಭಿಪ್ರಾಯಗಳು ಸರಿಯಾಗಿದ್ದರೆ ಅನುಭವವೇ ಅವನ್ನು ಎತ್ತಿಹಿಡಿಯುತ್ತದೆ. ತಪ್ಪಾಗಿದ್ದರೆ ಅವು ಬಿದ್ದುಹೋಗುವುದೇ ನ್ಯಾಯ ಎಂಬುದು ಆತನ ಪತ್ರದ ತಾತ್ಪರ್ಯ.

ಅನುಭವ ಹೇಳಿದ್ದೇನು? ಇಲ್ಲಿಯೇ ಕಥೆಯ ಸ್ವಾರಸ್ಯವಿದೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಬೆಟ್ಟಗಳ ಮೇಲೆ ವಿಜ್ಞಾನಿಗಳು ಎರಡೂ ಬಗೆಯ ಸಲಾಕೆಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ಏಳು ವರ್ಷ ಕಾದರು. ಸಿಡಿಲು ಆರಿಸಿಕೊಂಡದ್ದು ಸ್ವಲ್ಪ ಗುಂಡಾದ ತುದಿಗಳನ್ನು. ಚೂಪಾದವನ್ನು ಮುಟ್ಟಲೇ ಇಲ್ಲ. 2000ದಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಸಿಡಿಲನ್ನು ಹಿಡಿದು ನೆಲಕ್ಕಿಳಿಸುವ ಕೆಲಸಕ್ಕೆ ಗುಂಡು ತುದಿಯೇ ಮೇಲೆಂದಾಯಿತು. ದೊರೆಯ ಪಕ್ಷ ಗೆದ್ದಿತೆ? ಇಲ್ಲ. ಗುಂಡು ತುದಿ ಸಿಡಿಲನ್ನು ಕೆಣಕುವುದಿಲ್ಲವೆಂದು ವಿಲ್ಸನ್ ಅದನ್ನು ಬಯಸಿದ್ದ. ಸಿಡಿಲನ್ನು ಹೆಚ್ಚಾಗಿ ಬರಮಾಡಿಕೊಳ್ಳುವುದೇ ಅದರ ಗುಣವೆಂದು ತಿಳಿಯಿತು. ಕಿರೀಟಕ್ಕಾಗಲಿ ಕೀರ್ತಿಗಾಗಲಿ ಪ್ರಕೃತಿ ತಲೆಬಾಗಲಿಲ್ಲ. ಏಳು ವರ್ಷ ತಾಳ್ಮೆಯಿಂದ ಕಾದು ಕೇಳಿದವರಿಗೆ ಉತ್ತರ ಹೇಳಿತು.

ಸಿಡಿಲಿನ ಮೊಕದ್ದಮೆ

ಲಂಡನ್ನಿನಲ್ಲಿ ಸಲಾಕೆ ಅರಮನೆಯನ್ನು ಏರಿದರೆ, ಫ್ರಾನ್ಸಿನಲ್ಲಿ ಅದು ನ್ಯಾಯಾಲಯದ ಮೆಟ್ಟಿಲೇರಿತು. 1780ರಲ್ಲಿ ಸೇಂಟ್ ಓಮೇರ್ ಎಂಬ ಊರಿನ ವಿಸ್ಸೆರಿ ಎಂಬ ಗೃಹಸ್ಥ ತನ್ನ ಮನೆಯ ಮೇಲೆ ಮಿಂಚುವಾಹಕವನ್ನು ನಿಲ್ಲಿಸಿದ. ಮೇಲ್ತುದಿಗೆ ಕತ್ತಿಯ ಅಲಗನ್ನೇ ಜೋಡಿಸಿದ್ದ. ನೆರೆಹೊರೆಯವರು ಹೆದರಿ ದೂರು ಕೊಟ್ಟರು. ಊರಿನ ಅಧಿಕಾರಿಗಳು ಅದನ್ನು ಕಿತ್ತುಹಾಕಲು ಆಜ್ಞೆ ಮಾಡಿದರು. ವಿಸ್ಸೆರಿ ಅರಾಸ್ ಪಟ್ಟಣದ ಮೇಲಿನ ನ್ಯಾಯಾಲಯಕ್ಕೆ ಹೋದ.

ಅವನ ಪರವಾಗಿ ವಾದಿಸಿದವನು ಆಗಿನ್ನೂ ಇಪ್ಪತ್ತೈದು ತುಂಬಿದ್ದ ಒಬ್ಬ ವಕೀಲ. ನೆರೆಯವರ ಭಯ ಪುರಾವೆಯಲ್ಲ, ಮೂವತ್ತು ವರ್ಷಗಳ ಅನುಭವ ಪುರಾವೆ. ಅಜ್ಞಾನದ ಅಂಜಿಕೆಗೆ ಕಾನೂನಿನ ಬಲ ಕೊಡಬಾರದು ಎಂಬುದು ಆತನ ವಾದದ ತಿರುಳು. 1783ರ ಮೇ 31ರಂದು ತೀರ್ಪು ಬಂದಿತು, ಸಲಾಕೆ ಉಳಿಯಿತು. ಯುವಕ ತನ್ನ ವಾದವನ್ನು ಅಚ್ಚು ಹಾಕಿಸಿ, ವಿನಯದ ಒಂದು ಪತ್ರದೊಡನೆ ಒಂದು ಪ್ರತಿಯನ್ನು ಫ್ರ್ಯಾಂಕ್ಲಿನ್ನನಿಗೂ ಕಳುಹಿಸಿದ. ಆ ವಕೀಲನ ಹೆಸರು ಮ್ಯಾಕ್ಸಿಮಿಲಿಯನ್ ರೊಬೆಸ್ಪಿಯರ್.

ಚರಿತ್ರೆ ಓದಿದವರು ಈ ಹೆಸರನ್ನು ಕಂಡು ಬೆಚ್ಚದಿರಲಾರರು. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಅಧಿಕಾರದ ಶಿಖರವನ್ನು ಏರಿದ ರೊಬೆಸ್ಪಿಯರ್ ಅವನೇ. 1794ರ ಜೂನ್ 10ರಂದು ಅವನ ಬೆಂಬಲದಿಂದ ಒಂದು ಶಾಸನ ಜಾರಿಗೆ ಬಂದಿತು: ಕ್ರಾಂತಿಯ ಶತ್ರುವೆಂದು ಆಪಾದನೆಗೊಳಗಾದವನಿಗೆ ವಕೀಲನಿಲ್ಲ, ಸಾಕ್ಷಿಗಳು ಅವಶ್ಯಕವಲ್ಲ, ತೀರ್ಪುಗಾರರ ಮನಸ್ಸಿಗೆ ತೋರಿದರೆ ಸಾಕು, ಶಿಕ್ಷೆ ಮರಣವೊಂದೇ. ಮುಂದಿನ ಏಳು ವಾರಗಳಲ್ಲಿ ಪ್ಯಾರಿಸ್ ನಗರವೊಂದರಲ್ಲೇ 1,300ಕ್ಕೂ ಹೆಚ್ಚು ತಲೆಗಳು ಉರುಳಿದವು. ಜುಲೈ 28ರಂದು ರೊಬೆಸ್ಪಿಯರನ ತಲೆಯೂ ಉರುಳಿತು. ಅವನಿಗೂ ವಿಚಾರಣೆ ನಡೆಯಲಿಲ್ಲ. ಇವನೇ ಅವನೆಂದು ಗುರುತಿಸಿದ್ದಷ್ಟೆ.

ಒಂದು ಕಬ್ಬಿಣದ ಸಲಾಕೆಗೆ ಪುರಾವೆಯ ನ್ಯಾಯವನ್ನು ದೊರಕಿಸಿಕೊಟ್ಟವನು ಮನುಷ್ಯರಿಗೆ ಅದನ್ನು ನಿರಾಕರಿಸಿದ. ವಿಜ್ಞಾನದ ಮಾತನ್ನು ಕಲಿಯುವುದು ಒಂದು, ವಿಜ್ಞಾನದ ಮನಸ್ಸನ್ನು ಉಳಿಸಿಕೊಳ್ಳುವುದು ಇನ್ನೊಂದು. ತಾನು ತಪ್ಪಿರಲಾರೆನೆಂದು ನಂಬಿದ ದಿನವೇ ಅದು ಕೈಬಿಡುತ್ತದೆ.

ಎಂಬತ್ತೊಂದರ ಮುದುಕನ ಸಂದೇಹ

ರೊಬೆಸ್ಪಿಯರನ ಪತ್ರ ಬಂದ ನಾಲ್ಕು ವರ್ಷಗಳ ತರುವಾಯ, 1787ರಲ್ಲಿ, ಫ್ರ್ಯಾಂಕ್ಲಿನ್ ಫಿಲಡೆಲ್ಫಿಯದ ಸಂವಿಧಾನ ಸಭೆಯಲ್ಲಿ ಕುಳಿತಿದ್ದ. ವಯಸ್ಸು ಎಂಬತ್ತೊಂದು, ಸಭೆಯಲ್ಲಿ ಅವನಿಗಿಂತ ಹಿರಿಯರಿಲ್ಲ. ದೊಡ್ಡ ರಾಜ್ಯಗಳು ಜನಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಬೇಕೆಂದವು. ಸಣ್ಣ ರಾಜ್ಯಗಳು ಎಲ್ಲರಿಗೂ ಸಮನಾದ ಸ್ಥಾನ ಬೇಕೆಂದವು. ಕೆಳಮನೆಯಲ್ಲಿ ಮೊದಲನೆಯದು, ಮೇಲ್ಮನೆಯಲ್ಲಿ ಎರಡನೆಯದು ಎಂಬ ಒಪ್ಪಂದ ಕೊನೆಗೆ ಸಭೆಯನ್ನು ಉಳಿಸಿತು. ಟಿಯೋಸ್ ಪಟ್ಟಣದಲ್ಲಿ ಒಂದು ಸಭೆ ಕೂಡಿಸಲು ಥೇಲೀಸನಿಗೆ ಆಗದಿದ್ದುದು ಇಲ್ಲಿ ಕೈಗೂಡಿತು.

ಸೆಪ್ಟೆಂಬರ್ 17, ಕೊನೆಯ ದಿನ. ನಿಂತು ಮಾತನಾಡಲು ಶಕ್ತಿಯಿಲ್ಲದೆ ಫ್ರ್ಯಾಂಕ್ಲಿನ್ ತನ್ನ ಭಾಷಣವನ್ನು ಸಹೋದ್ಯೋಗಿಯಿಂದ ಓದಿಸಿದ. ಈ ಸಂವಿಧಾನದ ಹಲವು ಅಂಶಗಳು ತನಗೆ ಒಪ್ಪಿಗೆಯಿಲ್ಲವೆಂದು ಆತ ಮುಚ್ಚುಮರೆಯಿಲ್ಲದೆ ಹೇಳಿದ. ಆದರೆ ಸರಿಯೆಂದು ತಾನು ತಿಳಿದಿದ್ದ ಎಷ್ಟೋ ಅಭಿಪ್ರಾಯಗಳನ್ನು ಹೆಚ್ಚಿನ ವಿಚಾರದಿಂದ ಬದಲಾಯಿಸಬೇಕಾಗಿ ಬಂದಿದೆ, ಆದ್ದರಿಂದ ಪ್ರತಿಯೊಬ್ಬ ಸದಸ್ಯನೂ ತನ್ನ ತಪ್ಪದ ಬುದ್ಧಿಯನ್ನು ಕೊಂಚ ಸಂದೇಹಿಸಿ ಸಹಿ ಹಾಕಲಿ ಎಂದು ಬೇಡಿದ. ಗಾಜಿನ ಕೊಳವೆಯನ್ನು ಉಜ್ಜುತ್ತಾ ಕಲಿತ ಪಾಠವೇ ಇದು. ಅದೇ ಸಂವಿಧಾನದಲ್ಲಿ ತಿದ್ದುಪಡಿಗೆಂದು ಒಂದು ವಿಧಿಯೂ ಇತ್ತು. ತಪ್ಪನ್ನು ತಿದ್ದಲು ಶಾಸನದಲ್ಲೇ ಬಾಗಿಲನ್ನು ತೆರೆದಿಟ್ಟಂತೆ.

ಆ ಬಾಗಿಲಿನ ಅಗತ್ಯವೂ ಇತ್ತು. ಸ್ವಾತಂತ್ರ್ಯದ ಮಾತಾಡಿದ ಅದೇ ಸಂವಿಧಾನ ಗುಲಾಮಗಿರಿಯನ್ನು ಮುಟ್ಟದೆ ಬಿಟ್ಟಿತ್ತು. ಫ್ರ್ಯಾಂಕ್ಲಿನ್ ಕೂಡ ಒಂದು ಕಾಲದಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವನೇ. ಕೊನೆಗಾಲದಲ್ಲಿ ಅದರ ವಿರುದ್ಧ ಹೋರಾಡುವ ಸಂಘದ ಅಧ್ಯಕ್ಷನಾಗಿ, 1790ರ ಫೆಬ್ರುವರಿಯಲ್ಲಿ ಗುಲಾಮಗಿರಿಯ ನಿವಾರಣೆಗೆಂದು ಕಾಂಗ್ರೆಸ್ಸಿಗೆ ಬಿನ್ನವತ್ತಳೆಯನ್ನು ಕಳುಹಿಸಿದ. ಅದು ಫಲಿಸಲಿಲ್ಲ. ಎರಡು ತಿಂಗಳಿಗೆ, ಏಪ್ರಿಲ್ 17ರಂದು, ಆತ ತೀರಿಕೊಂಡ. ತಿದ್ದುಪಡಿಯ ಬಾಗಿಲಿನಿಂದ ಆ ನ್ಯಾಯ ಒಳಗೆ ಬಂದದ್ದು 1865ರಲ್ಲಿ.

ಬಾಣ ತಿರುಗಿದ್ದೇಕೆ?

ಈಗ ಹುಡುಗನ ಪ್ರಶ್ನೆಗೆ ಮರಳಬಹುದು. 1897ರಲ್ಲಿ ಕೇಂಬ್ರಿಜ್ಜಿನ ಜೆ. ಜೆ. ಥಾಮ್ಸನ್ ಪರಮಾಣುವಿಗಿಂತ ಸಣ್ಣದಾದ ಒಂದು ಕಣವನ್ನು ಕಂಡುಹಿಡಿದ. ಅದರ ಹೆಸರು ಎಲೆಕ್ಟ್ರಾನ್. ಥೇಲೀಸನ ಮಣಿಯ ಹೆಸರೇ ಸುತ್ತಿ ಬಂದಿತು. ತಂತಿಯಲ್ಲಿ ಹರಿಯುವುದು ಅದೇ. ಗಾಜನ್ನು ಉಜ್ಜಿದಾಗ ಅದು ಹೋಗುವುದು ಗಾಜಿನಿಂದ ಕೈಗೆ. ಫ್ರ್ಯಾಂಕ್ಲಿನ್ ಊಹಿಸಿದಂತೆ ಕೈಯಿಂದ ಗಾಜಿಗೆ ಅಲ್ಲ. ಇರುವ ಎರಡೇ ದಾರಿಗಳಲ್ಲಿ ಆತ ತಪ್ಪಾದುದನ್ನು ಆರಿಸಿದ್ದ. ಆ ಹೊತ್ತಿಗೆ ಒಂದೂವರೆ ಶತಮಾನದ ಗ್ರಂಥಗಳೆಲ್ಲ ಹಳೆಯ ಗುರುತಿನಲ್ಲೇ ಬರೆದಾಗಿತ್ತು.

ಹಾಗಾದರೆ ಲೆಕ್ಕಗಳೆಲ್ಲ ತಪ್ಪೇ? ಈ ಸಂದೇಹವನ್ನು ಲೆಕ್ಕಪತ್ರ ನೋಡುವ ತಂದೆಯೇ ಪರಿಹರಿಸಬಲ್ಲರು. ಖಾತೆಯ ಪುಸ್ತಕದಲ್ಲಿ ಜಮೆಯ ಅಂಕಣಕ್ಕೆ ಖರ್ಚೆಂದೂ ಖರ್ಚಿನ ಅಂಕಣಕ್ಕೆ ಜಮೆಯೆಂದೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಸಮನೆ ಬರೆದುಕೊಂಡು ಬಂದರೆ, ಕೂಡಿಸಿದ ಮೊತ್ತ ತಾಳೆಯಾಗಿಯೇ ಆಗುತ್ತದೆ. ಹೆಸರು ತಿರುಗಿದೆ, ಲೆಕ್ಕ ತಿರುಗಿಲ್ಲ. ಋಣದ ಕಣ ಈ ಕಡೆ ಬರುವುದೂ ಧನ ಆ ಕಡೆ ಹೋದಂತೆಯೇ. ಆದ್ದರಿಂದ ಬಾಣವನ್ನು ಹಾಗೆಯೇ ಬಿಟ್ಟಿದ್ದಾರೆ. ಕೆಳಗೆ ನಿಜವನ್ನೂ ಬರೆದಿದ್ದಾರೆ. ತಪ್ಪನ್ನು ಮುಚ್ಚಿಡದ ಪುಸ್ತಕ ನಂಬಿಕೆಗೆ ಯೋಗ್ಯವಾದ ಪುಸ್ತಕ.

ನಮ್ಮ ಸಂವಿಧಾನದಲ್ಲಿಯೂ ತಿದ್ದುಪಡಿಯ ಬಾಗಿಲಿದೆ. 1976ರಲ್ಲಿ ಪೌರರ ಮೂಲಭೂತ ಕರ್ತವ್ಯಗಳನ್ನು ಅದಕ್ಕೆ ಸೇರಿಸಿದಾಗ, ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸಿ ಸುಧಾರಿಸಿಕೊಳ್ಳುವ ಪ್ರವೃತ್ತಿ ಇವುಗಳನ್ನು ಬೆಳೆಸಿಕೊಳ್ಳುವುದೂ ಒಂದು ಕರ್ತವ್ಯವೆಂದು ಬರೆಯಲಾಯಿತು. ಅಂದ ಮೇಲೆ “ಇದೇನು?” ಎಂದು ಕೇಳಿದ ಆ ಹುಡುಗ ಪಾಠದ ಹೊತ್ತನ್ನು ಹಾಳು ಮಾಡಲಿಲ್ಲ. ಪೌರನ ಕರ್ತವ್ಯವನ್ನೇ ಮಾಡಿದ.

ಇನ್ನು ಅಜ್ಜಿ ಅರ್ಜುನನ ಹೆಸರು ಹೇಳುವುದಕ್ಕೆ ಯಾರೂ ಅಡ್ಡಿ ಬರಬೇಕಾಗಿಲ್ಲ. ಭಯದ ಹೊತ್ತಿನಲ್ಲಿ ಅದು ಮನಸ್ಸಿಗೆ ಧೈರ್ಯ. ಆದರೆ ಬಯಲಿನಲ್ಲಿ ಒಂಟಿ ಮರದ ಕೆಳಗೆ ನಿಂತು ಅದನ್ನು ಹೇಳಬಾರದು. ಗುಡುಗು ಕೇಳಿಸಿತೆಂದರೆ ಗಟ್ಟಿಯಾದ ಮನೆಯೊಳಗೆ ಬರಬೇಕು. ಕಿಟಕಿಯ ಸರಳು, ನೀರಿನ ಕೊಳಾಯಿ, ವಿದ್ಯುತ್ತಿನ ತಂತಿಗೆ ಸೇರಿಸಿದ ಉಪಕರಣಗಳನ್ನು ಮುಟ್ಟದಿರಬೇಕು. ಗುಡುಗು ನಿಂತ ಮೇಲೂ ಅರ್ಧ ಗಂಟೆ ಕಾಯಬೇಕು. ಬೀದಿಯ ಎತ್ತರದ ಕಟ್ಟಡದ ನೆತ್ತಿಯ ಮೇಲೆ ಸಣ್ಣ ಸಲಾಕೆಯೊಂದು ಕಂಡರೆ, ಅದು ಅರಮನೆಯ ಕೋಪವನ್ನೂ ನ್ಯಾಯಾಲಯದ ವಿಚಾರಣೆಯನ್ನೂ ದಾಟಿ ಬಂದದ್ದೆಂದು ಮಕ್ಕಳಿಗೆ ತೋರಿಸಬಹುದು.

ದೀಪ ಮತ್ತೆ ಹತ್ತಿಕೊಂಡಾಗ ಹುಡುಗ ಬಾಣವನ್ನು ಪುಸ್ತಕದಲ್ಲಿರುವಂತೆಯೇ ಬರೆಯಲಿ. ನಂಬರು ಬಂದೇ ಬರುತ್ತದೆ. ಅದು ಯಾರ ತಪ್ಪು, ಆ ತಪ್ಪು ಹೇಗೆ ತಿಳಿಯಿತು ಎಂಬುದೂ ಅವನಿಗೆ ಗೊತ್ತಿರಲಿ.